ಅಪ್‌ಡೇಟ್ ತೆಗೆದು ಹಾಕಿದೆ, ಈಗ ಕೆಲಸ ಸಾಗ್ತಾ ಇದೆ

ಎಡಿಟಿಂಗ್ ಸಾಫ್ಟ್‌ವೇರನ್ನು ಹಳೇ ವರ್ಷನ್‌ಗೆ ವಾಪಸ್ ತಂದದ್ದು ಗೊತ್ತಾದ ಮೇಲೆ ಪರಿಚಯದ ಕ್ಯಾಮರಾದವರು, ಮಂಗಳೂರಿನಲ್ಲಿ ಮದುವೆ ವಿಡಿಯೋ ಮಾಡುವ ಒಂದಿಬ್ಬರು, ಎಲ್ಲರದ್ದೂ ಒಂದೇ ಪ್ರಶ್ನೆ. "ಹೊಸದನ್ನು ಬಿಟ್ಟದ್ದು ಯಾಕೆ ಮಾರಾಯ? ಹಿಂದೆ ಹೋಗಲಿಕ್ಕೆ ಆಗ್ತದಾ?" ಆಗುತ್ತದೆ. ಸುಲಭ ಇಲ್ಲ, ಆದರೆ ಆಗುತ್ತದೆ. ಒಬ್ಬೊಬ್ಬರಿಗೂ ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಹಾಕಿ ಹಾಕಿ ಸಾಕಾಯಿತು. ಇಲ್ಲಿ ಬರೆದು ಇಟ್ಟರೆ ಕೇಳಿದವರಿಗೆ ಇದನ್ನೇ ಕಳಿಸಬಹುದು ಅಲ್ವಾ.

ಸಾಫ್ಟ್‌ವೇರಿನ ಹೆಸರು ಹೇಳುವುದಿಲ್ಲ. ದುಡ್ಡು ಕಟ್ಟಿ ಬಳಸುವಂಥದ್ದು, ಅಷ್ಟು ಸಾಕು. ಹೆಸರು ಹೇಳಿದ ಕೂಡಲೇ ಬೇರೆ ಸಾಫ್ಟ್‌ವೇರಿನ ಭಕ್ತರು ಬಂದು "ನಮ್ಮದಕ್ಕೆ ಬನ್ನಿ" ಅಂತ ಶುರು ಮಾಡುತ್ತಾರೆ, ಆಮೇಲೆ ವಿಷಯ ಎಲ್ಲಿಗೋ ಹೋಗುತ್ತದೆ.

ನನ್ನ ಕೆಲಸ ಎಂತದ್ದು ಅಂತ ಮೊದಲು ಹೇಳಬೇಕು. ಉಡುಪಿಯಲ್ಲಿ ಕೂತು ನಾನು ಜಾಸ್ತಿ ಎಡಿಟ್ ಮಾಡುವುದು ಯಕ್ಷಗಾನ. ನಮ್ಮಲ್ಲಿ ಯಕ್ಷಗಾನಕ್ಕೆ ಆಟ ಅಂತಲೇ ಹೇಳುವುದು. ಹರಕೆ ಆಟ ಆಡಿಸಿದ ಮನೆಯವರು ಪೂರ್ತಿ ರಾತ್ರಿಯ ವಿಡಿಯೋ ಮಾಡಿಸುತ್ತಾರೆ. ಒಂದು ಕಾಪಿ ಮನೆಗೆ, ಒಂದು ಮುಂಬೈಯ ಅಣ್ಣನಿಗೆ, ಇನ್ನೊಂದು ದುಬೈಯಲ್ಲಿರುವ ಮಗನಿಗೆ. ಮೇಳಗಳು ದೀಪಾವಳಿ ಕಳೆದ ಮೇಲೆ ತಿರುಗಾಟಕ್ಕೆ ಹೊರಟರೆ ಮೇ ಕೊನೆಯ ಪತ್ತನಾಜೆಗೆ, ಅಂದರೆ ತಿರುಗಾಟ ಮುಗಿಯುವ ದಿನಕ್ಕೆ, ಗೆಜ್ಜೆ ಬಿಚ್ಚುವುದು. ನಡುವೆ ಮದುವೆ, ಬ್ರಹ್ಮಕಲಶ, ಕಂಬಳ ಎಲ್ಲ ಬರುತ್ತದೆ. ಅಂದರೆ ಅಪ್‌ಡೇಟ್ ಬಂತು ಅಂತ ನಾಲ್ಕು ದಿನ ಆಟ ಆಡಿಕೊಂಡು ನೋಡುವಷ್ಟು ಪುರುಸೊತ್ತು ಈ ಆರೇಳು ತಿಂಗಳಲ್ಲಿ ಯಾರಿಗೂ ಇರುವುದಿಲ್ಲ. ಕಂಪನಿಯ ದೊಡ್ಡ ಅಪ್‌ಡೇಟ್ ಬರುವುದು ಮಾತ್ರ ಸರಿಯಾಗಿ ಅದೇ ಸಮಯಕ್ಕೆ. ಅವರ ಕ್ಯಾಲೆಂಡರಿನಲ್ಲಿ ಪತ್ತನಾಜೆ ಇಲ್ಲ, ಎಂತ ಮಾಡುವುದು.

ಹಾಗಾದರೆ ಹೊಸದನ್ನು ಹಾಕಿದ್ದು ಯಾಕೆ? ಕಾರಣ ಇತ್ತು. ಈಗೀಗ ಚೌಕಿಯ (ವೇಷ ಕಟ್ಟುವ ಜಾಗದ) ಶಾಟ್‌ಗಳನ್ನು ಮನೆಯವರೇ ಫೋನಿನಲ್ಲಿ ತೆಗೆದು ಕೊಡುತ್ತಾರೆ. ಬಣ್ಣ ಹಚ್ಚುವುದು, ಕಿರೀಟ ಕಟ್ಟುವುದು, ಮಕ್ಕಳು ವೇಷದ ಪಕ್ಕ ನಿಂತದ್ದು. ನೋಡಲಿಕ್ಕೆ ಚೆಂದವೇ ಇರುತ್ತದೆ. ಆದರೆ ಐಫೋನ್ 12ರಿಂದ ಈಚಿನ ಫೋನುಗಳು ಎಚ್‌ಡಿಆರ್ ವಿಡಿಯೋ ತೆಗೆಯುತ್ತವೆ, ಅಂದರೆ ಬೆಳಕು, ಬಣ್ಣ ಮಾಮೂಲಿಗಿಂತ ಹೆಚ್ಚು ಹಿಡಿಯುವಂಥದ್ದು, 10 ಬಿಟ್, ಎಚ್‌ಇವಿಸಿ ಅಂತ ಹೊಸ ರೀತಿಯಲ್ಲಿ ಕುಗ್ಗಿಸಿದ್ದು. ಹಳೇ ವರ್ಷನ್ನಿಗೆ ಅದನ್ನು ಕೊಟ್ಟರೆ ಮುಖ ಎಲ್ಲ ಸುಟ್ಟ ಹಾಗೆ ಬೆಳ್ಳಗೆ ಕಾಣುತ್ತದೆ, ಪ್ಲೇ ಮಾಡಿದರೆ ತಡವರಿಸುತ್ತದೆ. ಹೊಸ ವರ್ಷನ್ನಿನಲ್ಲಿ ಅದು ಸರಿ ಹೋಗಿದೆ ಅಂತ ಕಂಪನಿಯವರು ಬರೆದಿದ್ದರು. ಸುಳ್ಳಲ್ಲ, ಅದೊಂದು ನಿಜವಾಗಿಯೂ ಸರಿ ಹೋಗಿತ್ತು. ಬಣ್ಣ ಸರಿ ಬಂತು, ಪ್ಲೇ ಸಲೀಸಾಯಿತು. ಖುಷಿಯಾಯಿತು.

ಆ ಖುಷಿ ಟೈಟಲ್ ಹಾಕುವವರೆಗೆ.

ನಮ್ಮ ವಿಡಿಯೋಗಳಲ್ಲಿ ಟೈಟಲ್ ಸಣ್ಣ ವಿಷಯ ಅಲ್ಲ. ಕಲಾವಿದರ ಹೆಸರು, ಹಿಮ್ಮೇಳದವರ ಹೆಸರು, ಆಟ ಆಡಿಸಿದವರ ಹೆಸರು, ಇದರಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆ ಆದರೂ ಫೋನ್ ಬರುತ್ತದೆ. ಹಳೇ ವರ್ಷನ್ನಿನಲ್ಲಿ ಸೆಟ್ಟಿಂಗಿನ ಒಳಗೆ ಎಲ್ಲೋ ಒಂದು ಕಡೆ ಭಾರತೀಯ ಭಾಷೆಗಳಿಗೆ ಬೇರೆ ಟೆಕ್ಸ್ಟ್ ಎಂಜಿನ್ (ಅಕ್ಷರ ಜೋಡಿಸುವ ವ್ಯವಸ್ಥೆ) ಆರಿಸುವ ಅವಕಾಶ ಇತ್ತು. ಅದನ್ನು ಒಮ್ಮೆ ಹಾಕಿ ಬಿಟ್ಟರೆ ಯೂನಿಕೋಡ್ ಕನ್ನಡ ಚೆನ್ನಾಗಿ ಕೂರುತ್ತಿತ್ತು. ಹೊಸದರಲ್ಲಿ ಆ ಆಯ್ಕೆಯೇ ಇಲ್ಲ, ಎಲ್ಲ ಭಾಷೆಗೂ ಒಂದೇ ಎಂಜಿನ್ ಮಾಡಿದ್ದೇವೆ ಅಂತ ಹೆಮ್ಮೆಯಿಂದ ಬರೆದುಕೊಂಡಿದ್ದರು. ನಾನು "ಅರ್ಥಧಾರಿಗಳು" ಅಂತ ಟೈಪ್ ಮಾಡಿದೆ. ಅರ್ಕಾವೊತ್ತು ಥದ ಬಲಗಡೆಗೆ ಬರಬೇಕು, ಅದು ಅ ಮತ್ತು ಥದ ನಡುವೆ ಒಂದು ಅರೆ ರಕಾರವಾಗಿ ನಿಂತುಕೊಂಡಿತು. "ಸ್ತ್ರೀವೇಷ" ಅಂತ ಹಾಕಿದರೆ ಸ, ತ, ರೀ ಮೂರೂ ಸಾಲಾಗಿ ನಿಂತವು, ಸ ಮತ್ತು ತ ತಲೆ ಮೇಲೆ ಹಲಂತ ಹೊತ್ತುಕೊಂಡವು, ಒತ್ತು ಒಂದೂ ಕೆಳಗೆ ಇಳಿಯಲಿಲ್ಲ. ಫಾಂಟ್ ಬದಲಿಸಿದೆ. ಬೇರೆ ಫಾಂಟಿನಲ್ಲಿ ಒತ್ತು ಕೆಳಗೆ ಇಳಿಯಿತು, ಆದರೆ ಟೈಟಲ್ ಮೇಲಿಂದ ಜಾರಿ ಬರುವ ಅನಿಮೇಶನ್ ಹಾಕಿದ ಕೂಡಲೇ ಅಕ್ಷರ ಒಂದು ಕಡೆ, ಒತ್ತು ಇನ್ನೊಂದು ಕಡೆ ಜಾರಿ ಬರಲಿಕ್ಕೆ ಶುರುವಾಯಿತು. ನಗು ಬಂತು, ಆಮೇಲೆ ಸಿಟ್ಟೂ ಬಂತು.

ಕೆಲವರು ಕೇಳಬಹುದು, ನುಡಿ ಅಥವಾ ಬರಹ ತಂತ್ರಾಂಶದ ಹಳೇ ಫಾಂಟ್ ಹಾಕಬಹುದಿತ್ತಲ್ಲ ಅಂತ. ಹಾಕಬಹುದು. ಆ ಫಾಂಟುಗಳಲ್ಲಿ ಕನ್ನಡದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ, ಹಾಗಾಗಿ ಸಾಫ್ಟ್‌ವೇರಿಗೆ ಕನ್ನಡ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ನಮ್ಮಲ್ಲಿ ಎಷ್ಟೋ ಪ್ರೆಸ್ಸುಗಳು ಈಗಲೂ ಹಾಗೆಯೇ ಕೆಲಸ ಮಾಡುವುದು. ಆದರೆ ಮನೆಯವರು ಹೆಸರಿನ ಪಟ್ಟಿ ಕಳಿಸುವುದು ವಾಟ್ಸಾಪಿನಲ್ಲಿ, ಯೂನಿಕೋಡಿನಲ್ಲಿ. ಅದನ್ನು ಕನ್ವರ್ಟ್ ಮಾಡಿ, ಮತ್ತೆ ಓದಿ ನೋಡಿ, ಬಿಟ್ಟುಹೋದ ಒತ್ತುಗಳನ್ನು ಸರಿ ಮಾಡಿ ಹಾಕುವಷ್ಟರಲ್ಲಿ ಬೆಳಗಾಗುತ್ತದೆ. ಸದ್ಯಕ್ಕೆ ಇಂಕ್‌ಸ್ಕೇಪ್ ಅಂತ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ಟೈಟಲ್ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಮಾಡಿ ತಂದು ಹಾಕಿದೆ. ಇಂಕ್‌ಸ್ಕೇಪ್ ಪುಕ್ಕಟೆ ಸಿಗುತ್ತದೆ, ಕನ್ನಡ ತೊಂದರೆ ಕೊಡುವುದಿಲ್ಲ. ಪುಕ್ಕಟೆಯದ್ದಕ್ಕೆ ಬರುವ ಒತ್ತಕ್ಷರ ದುಡ್ಡು ಕೊಟ್ಟದ್ದಕ್ಕೆ ಬರುವುದಿಲ್ಲ ನೋಡಿ.

ಇಷ್ಟೇ ಆಗಿದ್ದರೆ ನಾನು ಹೊಸದರಲ್ಲೇ ಹೇಗೋ ಸುಧಾರಿಸುತ್ತಿದ್ದೆ. ದೊಡ್ಡ ತಲೆನೋವು ಬೇರೆ ಇತ್ತು, ಅದು ಪೂರ್ತಿ ರಾತ್ರಿಯ ಆಟದ್ದು.

ನಮ್ಮ ಹಳೇ ಕ್ಯಾಮರಾ ಒಂದೇ ಉದ್ದದ ಫೈಲ್ ಮಾಡುವುದಿಲ್ಲ. ಕಾರ್ಡು ಫ್ಯಾಟ್32 ಅಂತ ಹಳೇ ಫಾರ್ಮ್ಯಾಟಿನದ್ದು, ಅದರಲ್ಲಿ ಒಂದು ಫೈಲ್ 4 ಜಿಬಿಗಿಂತ ದೊಡ್ಡದಾಗುವ ಹಾಗಿಲ್ಲ. 50 ಎಂಬಿಪಿಎಸ್‌ನಲ್ಲಿ ರೆಕಾರ್ಡ್ ಮಾಡಿದರೆ ಸುಮಾರು 11 ನಿಮಿಷಕ್ಕೊಂದು ಫೈಲ್. ಎಂಟು ಗಂಟೆಯ ಆಟ ಅಂದರೆ ಒಂದು ಕ್ಯಾಮರಾದ್ದೇ 40ಕ್ಕಿಂತ ಜಾಸ್ತಿ ತುಂಡು. ಈ ತುಂಡುಗಳು ಒಂದಕ್ಕೊಂದು ಸರಿಯಾಗಿ ಸೇರುತ್ತವೆ, ನಡುವೆ ಏನೂ ಬಿಟ್ಟುಹೋಗಿರುವುದಿಲ್ಲ, ಸಾಫ್ಟ್‌ವೇರ್ ಅವುಗಳನ್ನು ಒಂದೇ ಕ್ಲಿಪ್ ಅಂತ ಓದಿದರೆ. ಹಳೇದು ಓದುತ್ತಿತ್ತು. ಹೊಸದು ಪ್ರತಿ ತುಂಡನ್ನೂ ಬೇರೆ ಬೇರೆ ಕ್ಲಿಪ್ ಮಾಡಿ, ಜೋಡಿಸುವಾಗ ಸಂದಿಯಲ್ಲಿ ಒಂದೋ ಎರಡೋ ಫ್ರೇಮ್ ನುಂಗುತ್ತಿತ್ತು.

ಒಂದು ಫ್ರೇಮ್ ಹೋದರೆ ಎಂತ ಅಂತ ಅನ್ನಿಸಬಹುದು. 25 ಫ್ರೇಮಿನ ವಿಡಿಯೋದಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡು. ಮದುವೆ ರಿಸೆಪ್ಶನ್ನಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಆಟದ ಆಡಿಯೋವನ್ನು ನಾವು ಮಿಕ್ಸರಿನಿಂದ ಬೇರೆ ರೆಕಾರ್ಡರಿಗೆ ತೆಗೆದುಕೊಳ್ಳುತ್ತೇವೆ, ಅದು ರಾತ್ರಿಯಿಡೀ ಒಂದೇ ಸಮನೆ ಓಡುತ್ತದೆ. ಪ್ರತಿ ಸಂದಿಯಲ್ಲೂ ವಿಡಿಯೋ ಚೂರು ಚೂರು ಕಮ್ಮಿಯಾಗುತ್ತಾ ಹೋದರೆ, 20 ಸಂದಿ ದಾಟುವಾಗ ಹೆಚ್ಚುಕಡಿಮೆ ಒಂದು ಸೆಕೆಂಡು ತಪ್ಪಿರುತ್ತದೆ. ನಡುರಾತ್ರಿಯ ಏರುಪದ್ಯಕ್ಕೆ, ಅಂದರೆ ಜೋರಿನ ವೀರರಸದ ಹಾಡಿಗೆ, ಬರುವಾಗ ಚೆಂಡೆಯ ಕೋಲು ಮೊದಲು ಇಳಿಯುತ್ತದೆ, ಪೆಟ್ಟು ಆಮೇಲೆ ಕೇಳುತ್ತದೆ. ಧೀಂಗಿಣ (ಗಿರಕಿ ಹೊಡೆಯುವ ಕುಣಿತ) ಹಾಕುತ್ತಿರುವ ವೇಷಧಾರಿಯ ಕಾಲು ಒಂದು ತಾಳದಲ್ಲಿ, ಗೆಜ್ಜೆಯ ಸದ್ದು ಇನ್ನೊಂದರಲ್ಲಿ. ಯಕ್ಷಗಾನ ನೋಡಿದವರು ಅದನ್ನು ಒಂದು ನಿಮಿಷವೂ ಸಹಿಸುವುದಿಲ್ಲ. ತಾಳ ತಪ್ಪಿಸಿದ ಪಾಪ ಕಲಾವಿದರ ತಲೆಗೆ ಬರುತ್ತದೆ, ಅದು ಇನ್ನೂ ಕೆಟ್ಟದು.

ಕೈಯಲ್ಲಿ ಸರಿ ಮಾಡಬಹುದು, ಮಾಡಿದೆ ಕೂಡ. ಚೆಂಡೆಯ ಒಂದು ಉಪಕಾರ ಅಂದರೆ ಅದರ ಪೆಟ್ಟು ವೇವ್‌ಫಾರ್ಮಿನಲ್ಲಿ (ಸದ್ದಿನ ಗೆರೆಚಿತ್ರದಲ್ಲಿ) ಮುಳ್ಳಿನ ಹಾಗೆ ಎದ್ದು ಕಾಣುತ್ತದೆ. ಕ್ಯಾಮರಾದ ಆಡಿಯೋದಲ್ಲಿ ಒಂದು ಮುಳ್ಳು, ಮಿಕ್ಸರಿನ ಆಡಿಯೋದಲ್ಲಿ ಅದೇ ಮುಳ್ಳು, ಎರಡನ್ನೂ ಒಂದರ ಕೆಳಗೆ ಒಂದು ತಂದರೆ ಆಯಿತು. ಆದರೆ ಮೂರು ಕ್ಯಾಮರಾ, ಪ್ರತಿಯೊಂದರದ್ದೂ ನಲವತ್ತು ಚಿಲ್ಲರೆ ಸಂದಿ. ಲೆಕ್ಕ ನೀವೇ ಹಾಕಿ. ಅಷ್ಟರಲ್ಲಿ ಆಟ ಆಡಿಸಿದ ಶೆಟ್ರ ಫೋನ್: "ಎಂತ ಮಾರಾಯ್ರೆ, ನಮ್ಮ ವಿಡಿಯೋ ಇನ್ನೂ ಆಗ್ಲಿಲ್ವಾ? ಮಗ ದುಬೈಗೆ ಹೋಗ್ಲಿಕ್ಕಾಯ್ತು." ಅವರಿಗೆ ಫ್ರೇಮಿನ ಕಥೆ ಹೇಳಿ ಪ್ರಯೋಜನ ಇಲ್ಲ. "ಆಗ್ತದೆ ಶೆಟ್ರೆ, ನಾಳೆ ನಾಡಿದ್ದು ಕೊಡ್ತೇನೆ" ಅಂದೆ.

ಎಕ್ಸ್‌ಪೋರ್ಟ್ ಕೊನೆಯಲ್ಲಿ ನಿಲ್ಲುವುದು, ಸುಮ್ನೆ ಮುಚ್ಚಿ ಹೋಗುವುದು, ಇಂಥ ಚಿಲ್ಲರೆ ತೊಂದರೆಗಳೂ ಇದ್ದವು. ಅವು ಎಲ್ಲರಿಗೂ ಗೊತ್ತಿರುವಂಥವು, ಬಿಡಿ.

ಸರಿ, ಹಿಂದೆ ಹೋಗುವುದು ಅಂತ ತೀರ್ಮಾನ ಮಾಡಿದೆ. ಸಾಫ್ಟ್‌ವೇರ್ ತೆಗೆದು ಹಳೇದನ್ನು ಹಾಕುವುದು ದೊಡ್ಡ ಕೆಲಸ ಅಲ್ಲ, ಅದು ಅರ್ಧ ಗಂಟೆಯ ಮಾತು. ಕಷ್ಟ ಇರುವುದು ಪ್ರಾಜೆಕ್ಟ್ ಫೈಲಿನಲ್ಲಿ. ಹಳೇ ಫೈಲನ್ನು ಹೊಸದು ತೆರೆಯುತ್ತದೆ, ತೆರೆದು ತನ್ನ ರೂಪಕ್ಕೆ ಬದಲಿಸಿಕೊಳ್ಳುತ್ತದೆ. ಹೊಸ ಫೈಲನ್ನು ಹಳೇದು ತೆರೆಯುವುದಿಲ್ಲ, "ಇದು ಹೊಸ ವರ್ಷನ್ನಿನಲ್ಲಿ ಸೇವ್ ಆಗಿದೆ" ಅಂತ ಹೇಳಿ ಬಾಗಿಲು ಹಾಕುತ್ತದೆ. ಇದು ನನ್ನ ಸಾಫ್ಟ್‌ವೇರಿನ ರೋಗ ಮಾತ್ರ ಅಲ್ಲ. ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್ ಕೂಡ ದೊಡ್ಡ ಅಪ್‌ಡೇಟ್ ಆದಾಗ ಪ್ರಾಜೆಕ್ಟ್ ಡೇಟಾಬೇಸನ್ನೇ ಅಪ್‌ಗ್ರೇಡ್ ಮಾಡುತ್ತದೆ, ಆಮೇಲೆ ಹಳೇದರಲ್ಲಿ ಅದು ತೆರೆಯುವುದಿಲ್ಲ, ಮೊದಲೇ ಬ್ಯಾಕಪ್ ಇಟ್ಟಿರಬೇಕು. ಅವರದ್ದು ಒಂದು ಒಳ್ಳೇ ಗುಣ ಅಂದರೆ ಹಳೇ ವರ್ಷನ್ನುಗಳನ್ನು ತಮ್ಮ ವೆಬ್‌ಸೈಟಿನಲ್ಲೇ ಇಟ್ಟಿರುತ್ತಾರೆ. ಎಲ್ಲರೂ ಹಾಗೆ ಇಡುವುದಿಲ್ಲ. ಅಡೋಬಿಯವರು 2019ರ ಮೇ ತಿಂಗಳಲ್ಲಿ ಡೌನ್‌ಲೋಡಿಗೆ ಇತ್ತೀಚಿನ ಎರಡು ದೊಡ್ಡ ವರ್ಷನ್ ಮಾತ್ರ ಅಂತ ಮಾಡಿದರು, ತೀರಾ ಹಳೇದನ್ನು ಬಳಸುತ್ತಿದ್ದ ಕೆಲವರಿಗೆ ನಿಮಗೆ ಇನ್ನು ಇದರ ಲೈಸೆನ್ಸ್ ಇಲ್ಲ ಅಂತ ಮೇಲ್ ಕೂಡ ಹೋಗಿತ್ತು.

ಇನ್ನೂ ಹಿಂದೆ ಹೋದರೆ 2011ರ ಜೂನ್ ಇದೆ. ಆ್ಯಪಲ್‌ನವರು ತಮ್ಮ ಎಡಿಟಿಂಗ್ ಸಾಫ್ಟ್‌ವೇರ್ ಫೈನಲ್ ಕಟ್ ಪ್ರೋ ಹತ್ತನೇದನ್ನು ತಂದಾಗ ಅದು ಏಳನೇದರ ಪ್ರಾಜೆಕ್ಟನ್ನು ತೆರೆಯುತ್ತಲೇ ಇರಲಿಲ್ಲ, ಮಲ್ಟಿಕ್ಯಾಮ್ (ಹಲವು ಕ್ಯಾಮರಾಗಳನ್ನು ಒಟ್ಟಿಗೆ ಇಟ್ಟು ಕಟ್ ಮಾಡುವ ಸೌಕರ್ಯ) ಕೂಡ ಇರಲಿಲ್ಲ. ಮಲ್ಟಿಕ್ಯಾಮ್ ವಾಪಸ್ ಬಂದದ್ದು 2012ರ ಜನವರಿಯಲ್ಲಿ. ನಡುವೆ ಎಷ್ಟು ಗಲಾಟೆ ಆಯಿತು ಅಂದರೆ, ನಿಲ್ಲಿಸಿದ್ದ ಹಳೇದರ ಮಾರಾಟವನ್ನು ಸ್ವಲ್ಪ ಸಮಯ ಮತ್ತೆ ಶುರು ಮಾಡಬೇಕಾಯಿತು. ಅಷ್ಟು ದೊಡ್ಡವರೇ ಹೀಗೆ ಮಾಡುವಾಗ, ವಾಪಸ್ ಬರುವ ದಾರಿಯನ್ನು ಕಂಪನಿಯವರು ಇಟ್ಟಿರುತ್ತಾರೆ ಅಂತ ನಾವು ನಂಬುವ ಹಾಗಿಲ್ಲ. ಅವರು ಮೆಟ್ಟಿಲು ಕಟ್ಟುವುದು ಹತ್ತಲಿಕ್ಕೆ ಮಾತ್ರ. ಇಳಿಯುವ ಏಣಿ ನಾವೇ ತಂದು ಇಟ್ಟುಕೊಂಡಿರಬೇಕು.

ನನ್ನ ಏಣಿ ಹೀಗಿತ್ತು. ಮುಗಿದ ಪ್ರಾಜೆಕ್ಟುಗಳ ಹಳೇ ಫೈಲುಗಳು ಹಾರ್ಡ್‌ಡಿಸ್ಕಿನಲ್ಲಿ ಬೇರೆ ಇದ್ದವು, ಅವಕ್ಕೆ ಏನೂ ಆಗಲಿಲ್ಲ. ತೊಂದರೆ ಇದ್ದದ್ದು ಹೊಸದರಲ್ಲೇ ಶುರು ಮಾಡಿದ ಆಟಗಳದ್ದು. ಮೊದಲು ಇಡಿಎಲ್, ಅಂದರೆ ಕಟ್‌ಗಳ ಪಟ್ಟಿ ಬರೆದಿಡುವ ಫೈಲ್, ನೋಡಿದೆ. ಸಿಎಂಎಕ್ಸ್ 3600 ಅಂತ ಟೇಪಿನ ಕಾಲದ ಲೆಕ್ಕಪುಸ್ತಕ ಅದು. ಒಂದೇ ವಿಡಿಯೋ ಟ್ರ್ಯಾಕ್, 999 ಕಟ್‌ವರೆಗೆ ಮಾತ್ರ. ಪೂರ್ತಿ ರಾತ್ರಿಯ ಆಟಕ್ಕೆ ಅದು ಎಲ್ಲಿ ಸಾಲುತ್ತದೆ. ಎಕ್ಸ್‌ಎಂಎಲ್ (ಎಡಿಟಿನ ವಿವರವನ್ನು ಓದಬಹುದಾದ ಅಕ್ಷರದಲ್ಲೇ ಬರೆದಿಡುವ ಫೈಲ್) ಎಕ್ಸ್‌ಪೋರ್ಟ್ ಪರವಾಗಿಲ್ಲ, ಕಟ್‌ಗಳು ಬಂದವು, ಟ್ರ್ಯಾಕುಗಳು ಬಂದವು, ಆಡಿಯೋ ಲೆವೆಲ್ ಬಂತು. ಕಲರ್ ಬರಲಿಲ್ಲ, ಟೈಟಲ್ ಬರಲಿಲ್ಲ. ಮಲ್ಟಿಕ್ಯಾಮ್ ಚಪ್ಪಟೆಯಾಗಿ ಬಂತು, ಅಂದರೆ ಇನ್ನು ಕ್ಯಾಮರಾ ಬದಲಿಸಬೇಕಾದರೆ ಕೈಯಲ್ಲೇ ಮಾಡಬೇಕು.

ಕೊನೆಗೆ ಕೈ ಹಿಡಿದದ್ದು ಇನ್ನೊಂದು ಉಪಾಯ. ಎಲ್ಲದಕ್ಕೂ ನಡೆಯುವುದಿಲ್ಲ, ಆದರೆ ಕೆಲವು ಸಾಫ್ಟ್‌ವೇರುಗಳ ಪ್ರಾಜೆಕ್ಟ್ ಫೈಲ್ ಒಳಗೆ ನೋಡಿದರೆ ಬರೀ ಎಕ್ಸ್‌ಎಂಎಲ್, ಜಿಜಿಪ್‌ನಲ್ಲಿ ಕುಗ್ಗಿಸಿ ಇಟ್ಟಿರುತ್ತಾರೆ. ಕೆಡೆನ್‌ಲೈವ್‌ನಂಥ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಕುಗ್ಗಿಸುವುದೂ ಇಲ್ಲ, ನೇರ ನೋಟ್‌ಪ್ಯಾಡಿನಲ್ಲಿ ಓದಬಹುದು. ನನ್ನದು ಜಿಜಿಪ್ ಜಾತಿಯದ್ದು. ಫೈಲಿನ ಕಾಪಿ ಮಾಡಿ, ಗಮನಿಸಿ, ಕಾಪಿ ಮಾಡಿ, 7-ಜಿಪ್‌ನಲ್ಲಿ ತೆರೆದೆ. ಒಳಗಿನ ಎಕ್ಸ್‌ಎಂಎಲ್ಲನ್ನು ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ಗೆ ಹಾಕಿದೆ. ದೊಡ್ಡ ಫೈಲ್, ತೆರೆಯುವಾಗ ಲ್ಯಾಪ್‌ಟಾಪಿನ ಫ್ಯಾನ್ ಕಿರುಚಿತು. ಮೇಲಿನ ಕೆಲವು ಸಾಲುಗಳಲ್ಲೇ ಪ್ರಾಜೆಕ್ಟಿನ ವರ್ಷನ್ ನಂಬರ್ ಇತ್ತು. ಅದನ್ನು ಹಳೇ ಫೈಲಿನಲ್ಲಿ ಇದ್ದ ನಂಬರಿಗೆ ಬದಲಿಸಿ, ಸೇವ್ ಮಾಡಿ, ಮತ್ತೆ ಜಿಜಿಪ್ ಮಾಡಿ, ಹೆಸರಿನ ಬಾಲ ಮೊದಲಿನ ಹಾಗೇ ಮಾಡಿ ಹಳೇ ವರ್ಷನ್ನಿನಲ್ಲಿ ತೆರೆದೆ. ತೆರೆಯಿತು! ಮಲ್ಟಿಕ್ಯಾಮ್ ಸಮೇತ ಬಂತು. ಹೊಸದರ ಟೆಕ್ಸ್ಟ್ ಎಂಜಿನ್ನಿನಲ್ಲಿ ಮಾಡಿದ ಟೈಟಲ್‌ಗಳು ಮಾತ್ರ ಖಾಲಿ ಡಬ್ಬಗಳಾಗಿ ಬಂದವು, ಅವು ಹೇಗೂ ಬೇಡವಾಗಿದ್ದವು. ಎರಡು ಹೊಸ ಎಫೆಕ್ಟ್‌ಗಳ ಜಾಗದಲ್ಲಿ ಕೆಂಪು ಗೆರೆ. ಇದು ಕಂಪನಿಯವರು ಹೇಳಿಕೊಡುವ ದಾರಿ ಅಲ್ಲ, ಫೈಲ್ ಕೆಟ್ಟರೆ ಕೇಳುವವರಿಲ್ಲ, ಅದಕ್ಕೇ ಕಾಪಿ ಕಾಪಿ ಅಂತ ಎರಡು ಸಲ ಹೇಳಿದ್ದು.

ಆಮೇಲೆ ಒಂದು ಸಂಜೆ ಪೂರ್ತಿ ಹಳೇದು ಕುಂಟುತ್ತಿತ್ತು. ಪ್ಲೇ ಮಾಡಿದರೆ ಕಪ್ಪು ಪರದೆ, ಆಡಿಯೋ ಮಾತ್ರ. ನೋಡಿದರೆ ಎರಡು ಕಾರಣ. ಹೊಸದು ಬರೆದಿಟ್ಟಿದ್ದ ಮೀಡಿಯಾ ಕ್ಯಾಶ್ (ವಿಡಿಯೋ ಬೇಗ ತೆರೆಯಲಿಕ್ಕೆ ಇಡುವ ತಾತ್ಕಾಲಿಕ ಫೈಲುಗಳು) ಅದೇ ಫೋಲ್ಡರಿನಲ್ಲಿ ಉಳಿದಿತ್ತು, ಹಳೇದು ಅದನ್ನು ಓದಲಿಕ್ಕೆ ಹೋಗಿ ಒದ್ದಾಡುತ್ತಿತ್ತು. ಅದನ್ನು ಪೂರ್ತಿ ಅಳಿಸಿದೆ, ಮತ್ತೆ ಹುಟ್ಟುತ್ತದೆ, ಹೆದರಬೇಕಾಗಿಲ್ಲ. ಇನ್ನೊಂದು ಗ್ರಾಫಿಕ್ಸ್ ಡ್ರೈವರ್. ಹೊಸ ವರ್ಷನ್ ಹಾಕುವಾಗ ಹೊಸ ಡ್ರೈವರ್ ಬೇಕು ಅಂದಿತ್ತು, ಹಾಕಿದ್ದೆ. ಸಾಫ್ಟ್‌ವೇರ್ ಹಿಂದೆ ಹೋದರೂ ಡ್ರೈವರ್ ಮುಂದೆಯೇ ನಿಂತಿತ್ತು. ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಡಿಸ್‌ಪ್ಲೇ ಅಡಾಪ್ಟರಿನ ಪ್ರಾಪರ್ಟೀಸ್ ತೆರೆದರೆ 'ರೋಲ್ ಬ್ಯಾಕ್ ಡ್ರೈವರ್' ಅಂತ ಒಂದು ಬಟನ್ ಇರುತ್ತದೆ. ಹೆಚ್ಚಿನವರು ಅದನ್ನು ಮುಟ್ಟಿಯೇ ಇರುವುದಿಲ್ಲ. ಒತ್ತಿದೆ, ರೀಸ್ಟಾರ್ಟ್ ಮಾಡಿದೆ, ಚಿತ್ರ ಬಂತು. ಹಿಂದೆ ಹೋಗುವುದು ಅಂದರೆ ಸಾಫ್ಟ್‌ವೇರ್ ಒಂದೇ ಹೋದರೆ ಸಾಲದು, ಅದರ ಜೊತೆ ಬಂದವರೆಲ್ಲ ಹೋಗಬೇಕು.

ಆಟೋ ಅಪ್‌ಡೇಟ್ ಆಫ್ ಮಾಡಿದ್ದೇನೆ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ. ಇನ್‌ಸ್ಟಾಲರ್ ಫೈಲ್ ಒಂದು ಬೇರೆ ಡಿಸ್ಕಿನಲ್ಲಿ ಇದೆ. ಕೀಬೋರ್ಡ್ ಶಾರ್ಟ್‌ಕಟ್‌ಗಳ ಫೈಲೂ ಅದರ ಪಕ್ಕದಲ್ಲೇ ಇದೆ. ಅದಿಲ್ಲದೆ ನನ್ನ ಎಡಗೈ ಕುರುಡು.

ಹೊಸದನ್ನು ಬಿಟ್ಟದ್ದರಿಂದ ಏನೂ ನಷ್ಟ ಆಗಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಅದರಲ್ಲಿ ಮಾತನ್ನು ತಾನೇ ಕೇಳಿ ಸಬ್‌ಟೈಟಲ್ ಹಾಕುವ ಸೌಕರ್ಯ ಇತ್ತು. ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ, ಹಾಗಾಗಿ ಅದರ ದುಃಖ ನನಗಿಲ್ಲ. ಇದ್ದಿದ್ದರೂ ಭಾಗವತಿಕೆಗೆ (ಭಾಗವತರ ಹಾಡಿಗೆ) ಅದು ಎಂತ ಬರೆಯುತ್ತಿತ್ತೋ, ನೋಡಬೇಕಿತ್ತು. ನಿಜವಾದ ನಷ್ಟ ಫೋನಿನ ವಿಡಿಯೋದ್ದೇ. ಅದಕ್ಕೆ ಈಗ ಮಾಡುತ್ತಿರುವುದು ಇಷ್ಟು. ಫೋನಿನ ಕ್ಲಿಪ್‌ಗಳನ್ನು ಮೊದಲೇ ಬೇರೆ ಸಾಫ್ಟ್‌ವೇರಿನಲ್ಲಿ ಬದಲಿಸಿಕೊಳ್ಳುವುದು. ಫೋನುಗಳು ಫ್ರೇಮ್ ರೇಟನ್ನು ಒಂದೇ ಸಮನೆ ಇಡುವುದಿಲ್ಲ, ಬೆಳಕು ಕಮ್ಮಿಯಾದರೆ ಇಳಿಸುತ್ತವೆ, ಚೌಕಿಯಲ್ಲಂತೂ ಕೇಳುವುದೇ ಬೇಡ. ಹ್ಯಾಂಡ್‌ಬ್ರೇಕ್ ಅನ್ನುವ ವಿಡಿಯೋ ಬದಲಿಸುವ ಸಾಫ್ಟ್‌ವೇರಿನಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಅಂತ ಆರಿಸಿ 25ಕ್ಕೆ ತಂದರೆ ಹಳೇ ವರ್ಷನ್ ತಕರಾರು ಮಾಡುವುದಿಲ್ಲ. ಎಚ್‌ಡಿಆರ್ ಇದ್ದರೆ ಎಫ್‌ಎಫ್‌ಎಂಪೆಗ್ ಅನ್ನುವ ಅಂಥದ್ದೇ ಇನ್ನೊಂದರಲ್ಲಿ ಸಾಮಾನ್ಯ ಬಣ್ಣಕ್ಕೆ ಇಳಿಸುವುದು.

ಎಲ್ಲವನ್ನೂ ಪ್ರೋರೆಸ್‌ಗೆ (ಎಡಿಟಿಂಗಿಗೆ ಸಲೀಸಾದ, ಆದರೆ ದೊಡ್ಡ ಫೈಲಿನ ಫಾರ್ಮ್ಯಾಟಿಗೆ) ಬದಲಿಸಿ ಅಂತ ಒಬ್ಬರು ಸಲಹೆ ಕೊಟ್ಟರು. ಪ್ರೋರೆಸ್ 422 ಫುಲ್ ಎಚ್‌ಡಿಯಲ್ಲೇ 25 ಫ್ರೇಮಿಗೆ ಗಂಟೆಗೆ ಸುಮಾರು 55 ಜಿಬಿ. ಎಂಟು ಗಂಟೆಯ ಆಟ, ಒಂದು ಕ್ಯಾಮರಾಕ್ಕೆ 440 ಜಿಬಿ. ಮೂರು ಕ್ಯಾಮರಾ ಅಂದರೆ ಒಂದು ಆಟಕ್ಕೆ 1.3 ಟಿಬಿ ಆಯಿತು. ಮೇಳ ನಡೆಸಿದಷ್ಟೇ ಖರ್ಚು ಹಾರ್ಡ್‌ಡಿಸ್ಕಿಗೆ ಬಂದೀತು. ಹಾಗಾಗಿ ಫೋನಿನ ನಾಲ್ಕೈದು ನಿಮಿಷದ ತುಂಡುಗಳಿಗೆ ಮಾತ್ರ.

ಇನ್ನೂ ಸುಲಭದ ದಾರಿ ಅಂದರೆ ತೆಗೆಯುವವರಿಗೇ ಹೇಳುವುದು. ಈಗ ಆಟದ ಬುಕ್ಕಿಂಗ್ ಆದ ಕೂಡಲೇ ಮನೆಯವರಿಗೆ ಒಂದು ಮೆಸೇಜ್ ಕಳಿಸುತ್ತೇನೆ. ಐಫೋನ್ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮರಾ, ಅದರಲ್ಲಿ ರೆಕಾರ್ಡ್ ವಿಡಿಯೋ, ಅಲ್ಲಿ ಎಚ್‌ಡಿಆರ್ ವಿಡಿಯೋ ಆಫ್ ಮಾಡಿ. ಫಾರ್ಮ್ಯಾಟ್ಸ್‌ನಲ್ಲಿ ಮೋಸ್ಟ್ ಕಂಪಾಟಿಬಲ್ ಅಂತ ಇಡಿ. ಫೋನನ್ನು ಅಡ್ಡ ಹಿಡಿಯಿರಿ. ತೆಗೆದ ವಿಡಿಯೋ ವಾಟ್ಸಾಪಿನಲ್ಲಿ ಕಳಿಸಬೇಡಿ, ಅದು ಕುಗ್ಗಿಸಿ ಹಾಳು ಮಾಡುತ್ತದೆ, ಪೆನ್‌ಡ್ರೈವಿಗೆ ಹಾಕಿ ಕೊಡಿ, ಇಲ್ಲದಿದ್ದರೆ ಡ್ರೈವ್ ಲಿಂಕ್ ಕಳಿಸಿ. ಹತ್ತು ಮಂದಿಗೆ ಕಳಿಸಿದರೆ ಆರು ಮಂದಿ ಓದುತ್ತಾರೆ. ಉಳಿದವರು "ಓಕೆ" ಅಂತ ಹಾಕಿ ವಾಟ್ಸಾಪಿನಲ್ಲೇ ಕಳಿಸುತ್ತಾರೆ, ಅದೂ ಫೋನ್ ಉದ್ದ ಹಿಡಿದು ತೆಗೆದದ್ದು.